ಕಣ್ಣು ಮಸುಕಾದರೂ ಕೃತಿ ಮುಗಿಯಿತು: ತ.ರಾ.ಸು. ಮತ್ತು ‘ದುರ್ಗಾಸ್ತಮಾನ’



ಒಂದು ದೊಡ್ಡ ಕಾದಂಬರಿಯನ್ನು ಕೈಗೆತ್ತಿಕೊಂಡಾಗ ನೀವು ಅದರ ಕಥೆಯನ್ನು ಅನುಸರಿಸುತ್ತೀರಿ, ಪಾತ್ರಗಳ ಜೊತೆ ನಗುತ್ತೀರಿ, ಅಳುತ್ತೀರಿ. ಅದನ್ನು ಬರೆದವರ ಕಣ್ಣು ಎಷ್ಟು ದುಡಿದಿರಬಹುದೆಂದು ಯೋಚಿಸುವುದು ಕಡಿಮೆ. ನೂರಾರು ಪುಟಗಳ ಕೃತಿಯೊಂದು ಸಿದ್ಧವಾಗುವ ಮೊದಲು ಲೇಖಕರು ಅದಕ್ಕಿಂತಲೂ ಹೆಚ್ಚು ಹಾಳೆಗಳನ್ನು ಬರೆದಿರುತ್ತಾರೆ, ತಿದ್ದಿರುತ್ತಾರೆ, ಹರಿದು ಹಾಕಿರುತ್ತಾರೆ. ಹಳೆಯ ದಾಖಲೆಗಳನ್ನು ಓದಿರುತ್ತಾರೆ. ಅಚ್ಚಿಗೆ ಹೋದ ಮೇಲೂ ಕರಡಚ್ಚು ತಿದ್ದುವ ಕೆಲಸ ಉಳಿದಿರುತ್ತದೆ. ಇಷ್ಟೂ ಕೆಲಸಕ್ಕೆ ಬೇಕಾದ ಕಣ್ಣೇ ಮಧ್ಯದಾರಿಯಲ್ಲಿ ಕೈಕೊಟ್ಟರೆ ಏನು ಮಾಡಬೇಕು?

ಈ ಪ್ರಶ್ನೆಗೆ ಕನ್ನಡದಲ್ಲಿಯೇ ಒಂದು ದೊಡ್ಡ ಉತ್ತರವಿದೆ. ಅದು ತ.ರಾ.ಸು. ಅವರ ‘ದುರ್ಗಾಸ್ತಮಾನ’.

ದುರ್ಗದ ಕಥೆಗಾರ

ಮೊದಲು ನಕ್ಷೆ ತೆರೆದು ನೋಡಿ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಸೀಮೆಯಲ್ಲಿ ಬುಕ್ಕಾಂಬುಧಿ ಎಂಬ ಊರಿದೆ. ಅಂಬುಧಿ ಎಂದರೆ ಕಡಲು. ಕೆರೆಯನ್ನೇ ಕಡಲೆಂದು ಕರೆದ ಹೆಸರು ಇದು. ಇಲ್ಲಿಂದ ಒಂದು ಕಡೆಗೆ ತರೀಕೆರೆ. ಅದು ಹಿಂದೆ ತನ್ನದೇ ಪಾಳೆಯಗಾರರಿದ್ದ ಊರು. ಇನ್ನೊಂದು ಕಡೆಗೆ ಹೊಸದುರ್ಗ, ಅದರಾಚೆ ಚಿತ್ರದುರ್ಗ. ಎರಡು ಪಾಳೆಯಪಟ್ಟುಗಳ ನಡುವಿನ ಈ ಸೀಮೆಯ ವಿದ್ಯಾರ್ಥಿಗಳಿಗೆ ಚಿತ್ರದುರ್ಗದ ನಾಯಕರ ಕಥೆ ದೂರದ ರಾಜರ ಕಥೆಯಲ್ಲ, ನೆರೆಮನೆಯ ಕಥೆ. ಆ ಕಥೆಯನ್ನು ಕನ್ನಡ ನಾಡಿನ ಮನೆಮನೆಗೆ ಮುಟ್ಟಿಸಿದವರು ತ.ರಾ.ಸು.

ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಎಂಬುದು ಅವರ ಪೂರ್ಣ ಹೆಸರು. 1920ರ ಏಪ್ರಿಲ್ 21ರಂದು ಮಲೆಬೆನ್ನೂರಿನಲ್ಲಿ ಹುಟ್ಟಿದರು. ತಳುಕು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಊರು. ಕನ್ನಡದ ಪ್ರಸಿದ್ಧ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯನವರು ಇದೇ ಮನೆತನದವರು. 1942ರ ಚಳವಳಿಯ ಕಾಲದಲ್ಲಿ ಸುಬ್ಬರಾಯರು ಓದು ಬಿಟ್ಟು ಹೋರಾಟಕ್ಕೆ ಇಳಿದರು, ಸೆರೆಮನೆ ಕಂಡರು. ಆಮೇಲೆ ಪತ್ರಿಕೆಗಳಲ್ಲಿ ದುಡಿದರು. ಕೊನೆಗೆ ಬರವಣಿಗೆಯನ್ನೇ ನಂಬಿ ಬದುಕಿದರು. ‘ಹಂಸಗೀತೆ’, ‘ನಾಗರಹಾವು’, ‘ಚಂದವಳ್ಳಿಯ ತೋಟ’ ಮೊದಲಾದ ಅವರ ಕಾದಂಬರಿಗಳು ಚಲನಚಿತ್ರಗಳಾಗಿ ಓದು ಬರದವರನ್ನೂ ತಲುಪಿದವು.

ಅವರ ಹೃದಯ ಮಾತ್ರ ದುರ್ಗದಲ್ಲಿಯೇ ನೆಲೆಸಿತ್ತು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಎಂದು ಒಂದರ ಹಿಂದೆ ಒಂದರಂತೆ ಚಿತ್ರದುರ್ಗದ ನಾಯಕರ ಏಳುಬೀಳುಗಳನ್ನು ಅವರು ಕಾದಂಬರಿ ಮಾಡಿದರು. ಉಳಿದದ್ದು ಕೊನೆಯ ಅಧ್ಯಾಯ. ಕೊನೆಯ ನಾಯಕ ಮದಕರಿ, ಹೈದರಾಲಿಯ ಮುತ್ತಿಗೆ, 1779ರಲ್ಲಿ ಕೋಟೆ ಬಿದ್ದದ್ದು, ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದದ್ದು. ಈ ಕಥೆಯಿಲ್ಲದೆ ಹಿಂದಿನ ಏಳು ಕಾದಂಬರಿಗಳೂ ಮುಡಿ ಕಟ್ಟದ ಮಾಲೆಯಂತೆ ಉಳಿಯುತ್ತಿದ್ದವು.

ಆ ಕೊನೆಯ ಕಥೆಯನ್ನು ಬರೆಯುವ ಹೊತ್ತಿಗೆ ತ.ರಾ.ಸು. ಅವರ ವಯಸ್ಸು ಅರವತ್ತರ ಹತ್ತಿರ. ದೇಹ ಸೊರಗಿತ್ತು, ಕಣ್ಣಿನ ದೃಷ್ಟಿ ಕುಂದಿತ್ತು. ಬರೆಯಬೇಕಾಗಿದ್ದ ಪುಸ್ತಕವಾದರೋ ಅವರ ಕೃತಿಗಳಲ್ಲೆಲ್ಲ ಅತ್ಯಂತ ದೊಡ್ಡದು.

ಕಣ್ಣು ಮಾಡುವ ನಾಲ್ಕು ಕೆಲಸ

ಅವರ ಕಷ್ಟ ಎಂಥದೆಂದು ತಿಳಿಯಬೇಕಾದರೆ, ಲೇಖಕನಿಗೆ ಕಣ್ಣು ಯಾವ ಯಾವ ಕೆಲಸ ಮಾಡಿಕೊಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲನೆಯದು, ಅಕ್ಷರ ಮೂಡಿಸುವುದು. ಕೈ ಬರೆಯುತ್ತದೆ ನಿಜ. ಸಾಲು ಓರೆಯಾಗದಂತೆ, ಒಂದು ಪದದ ಮೇಲೆ ಇನ್ನೊಂದು ಕೂರದಂತೆ ಕಾಯುವುದು ಕಣ್ಣು.

ಎರಡನೆಯದು, ಹಿಂದಿರುಗಿ ನೋಡುವುದು. ಹತ್ತು ಪುಟದ ಹಿಂದೆ ಏನು ಹೇಳಿದ್ದೆ? ಈ ಪಾತ್ರ ಆಗ ಊರಿನಲ್ಲಿತ್ತೋ ಇಲ್ಲವೋ? ಇದು ಕಣ್ಣು ಹಾಯಿಸಿ ಕ್ಷಣದಲ್ಲಿ ತಿಳಿಯುವ ವಿಷಯ.

ಮೂರನೆಯದು, ಆಕರಗಳನ್ನು ಓದುವುದು. ಐತಿಹಾಸಿಕ ಕಾದಂಬರಿಕಾರನಿಗೆ ಇದು ದೊಡ್ಡ ಹೊರೆ. ದುರ್ಗದ ಬಖೈರುಗಳು, ಶಾಸನಗಳು, ಗ್ಯಾಸೆಟಿಯರ್‌ಗಳು, ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಮೊದಲಾದ ಗ್ರಂಥಗಳು, ಹೀಗೆ ಓದಬೇಕಾದದ್ದು ರಾಶಿ.

ನಾಲ್ಕನೆಯದು, ತಿದ್ದುವುದು. ಬರೆದದ್ದನ್ನು ಪರರು ಬರೆದದ್ದೆಂಬಂತೆ ದೂರ ಇಟ್ಟು ನೋಡಿ ಕೊರತೆ ಹುಡುಕುವುದು.

ಕಣ್ಣು ಮಂದವಾದಾಗ ಈ ನಾಲ್ಕೂ ಒಟ್ಟಿಗೆ ನಿಂತುಹೋಗುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ದಾರಿ ಹುಡುಕಬಹುದು. ಜಗತ್ತಿನ ಹಲವು ಲೇಖಕರು ಹಾಗೆ ಹುಡುಕಿದ್ದಾರೆ. ಅವರಲ್ಲಿ ಕೆಲವರನ್ನು ನೋಡಿ ಮತ್ತೆ ದುರ್ಗಕ್ಕೆ ಬರೋಣ.

ನೆನಪೇ ಹಾಳೆಯಾದಾಗ

ಇಂಗ್ಲಿಷ್ ಕವಿ ಜಾನ್ ಮಿಲ್ಟನ್ 1652ರ ವೇಳೆಗೆ ಪೂರ್ತಿಯಾಗಿ ಕುರುಡನಾದ. ಆಗ ಅವನ ವಯಸ್ಸು ಸುಮಾರು 43. ಅವನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ ಪ್ರಕಟವಾದದ್ದು 1667ರಲ್ಲಿ. ಹತ್ತು ಸಾವಿರಕ್ಕಿಂತ ಹೆಚ್ಚು ಸಾಲುಗಳ ಈ ಕಾವ್ಯವನ್ನು ಅವನು ರಾತ್ರಿ ಮನಸ್ಸಿನಲ್ಲಿ ಕಟ್ಟಿಕೊಂಡು ಬೆಳಿಗ್ಗೆ ಹೇಳಿ ಬರೆಯಿಸುತ್ತಿದ್ದ. ಬರೆದುಕೊಳ್ಳುತ್ತಿದ್ದವರು ಒಬ್ಬರಲ್ಲ. ಬಂಧುಗಳು, ಶಿಷ್ಯರು, ಮನೆಗೆ ಬಂದ ಗೆಳೆಯರು, ಯಾರು ಸಿಕ್ಕರೆ ಅವರು. ಅಕ್ಕನ ಮಗ ಎಡ್ವರ್ಡ್ ಫಿಲಿಪ್ಸ್ ಆಗಾಗ ಬಂದು ಕಾಗುಣಿತ, ವಿರಾಮಚಿಹ್ನೆಗಳನ್ನು ಸರಿಪಡಿಸಿಕೊಡುತ್ತಿದ್ದ.

ಮಿಲ್ಟನ್ನನಿಗೆ ಇದು ಸಾಧ್ಯವಾಗಲು ಒಂದು ಕಾರಣ ಛಂದಸ್ಸು. ಲಯವಿರುವ ಮಾತು ನೆನಪಿನಲ್ಲಿ ಕೂರುತ್ತದೆ. ಒಂದು ಪದ ತಪ್ಪಿದರೆ ಸಾಲು ಕುಂಟುತ್ತದೆ, ಕಿವಿ ಕೂಡಲೇ ಎಚ್ಚರಿಸುತ್ತದೆ. ಅರ್ಜೆಂಟೀನಾದ ಬೋರ್ಹೆಸ್ ಕೂಡ 1950ರ ದಶಕದಲ್ಲಿ ಓದುವ ಶಕ್ತಿ ಕಳೆದುಕೊಂಡ ಮೇಲೆ ಛಂದೋಬದ್ಧ ಪದ್ಯದ ಕಡೆಗೆ ಹೆಚ್ಚು ತಿರುಗಿದ. ಪದ್ಯವನ್ನು ತಲೆಯಲ್ಲಿ ಹೊತ್ತು ತಿರುಗಬಹುದು ಎಂಬುದೇ ಅದಕ್ಕೆ ಕಾರಣ.

ಗದ್ಯ ಹಾಗಲ್ಲ. ಗದ್ಯಕ್ಕೆ ಪ್ರಾಸದ ಗಂಟಿಲ್ಲ, ಗಣದ ಲೆಕ್ಕವಿಲ್ಲ. ನೂರು ಪುಟ ಗದ್ಯವನ್ನು ಬಾಯಿಪಾಠವಾಗಿ ಇಟ್ಟುಕೊಳ್ಳುವುದು ಬಹಳ ಕಷ್ಟ. ಅದಕ್ಕೆ ಬೇರೆ ಉಪಾಯ ಬೇಕು.

ತಂತಿಯ ಚೌಕಟ್ಟು ಮತ್ತು ಓದಿಹೇಳುವವರು

ಅಮೆರಿಕದ ಇತಿಹಾಸಕಾರ ವಿಲಿಯಂ ಪ್ರೆಸ್ಕಾಟ್ ಕಾಲೇಜಿನಲ್ಲಿ ಓದುತ್ತಿದ್ದಾಗ ಊಟದ ಕೋಣೆಯ ಗದ್ದಲದಲ್ಲಿ ಯಾರೋ ಎಸೆದ ಒಣ ರೊಟ್ಟಿಯ ಚೂರು ಒಂದು ಕಣ್ಣಿಗೆ ಬಡಿದು ಆ ಕಣ್ಣು ಹೋಯಿತು. ಇನ್ನೊಂದು ಕಣ್ಣೂ ಬೇನೆಯಿಂದ ದುರ್ಬಲವಾಯಿತು. ಆದರೂ ಅವನು ಆರಿಸಿಕೊಂಡದ್ದು ಸ್ಪೇನ್ ದೇಶದ ಇತಿಹಾಸ. ಅದಕ್ಕೆ ಬೇಕಾದ ಆಕರಗಳೆಲ್ಲ ಸ್ಪ್ಯಾನಿಷ್ ಭಾಷೆಯಲ್ಲಿ.

ಬರೆಯಲು ಅವನು ಬಳಸಿದ್ದು ಕುರುಡರಿಗಾಗಿ ಮಾಡಿದ್ದ ಒಂದು ಚೌಕಟ್ಟು. ಅದಕ್ಕೆ ಅಡ್ಡಡ್ಡವಾಗಿ ಹಿತ್ತಾಳೆಯ ತಂತಿಗಳು. ಅಡಿಯಲ್ಲಿ ಮಸಿ ಹಚ್ಚಿದ ಕಾಗದ. ಬರೆಯಲು ಶಾಯಿ ಬೇಡದ ಒಂದು ಕಡ್ಡಿ. ತಂತಿಯ ಆಸರೆಯಲ್ಲಿ ಕೈ ಓಡಿಸಿದರೆ ಸಾಲು ತಾನಾಗಿ ನೇರ ಬರುತ್ತಿತ್ತು. ಕಣ್ಣಿನ ಮೊದಲನೆಯ ಕೆಲಸವನ್ನು ಹೀಗೆ ತಂತಿ ಮಾಡಿಕೊಟ್ಟಿತು. ಮೂರನೆಯ ಕೆಲಸಕ್ಕೆ ಓದಿಹೇಳುವವರನ್ನು ಇಟ್ಟುಕೊಂಡ. ಮೊದಲು ಸಿಕ್ಕವರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಅಕ್ಷರ ಉಚ್ಚರಿಸಲು ಕಲಿಸಿ, ಅರ್ಥ ತಿಳಿಯದವರ ಬಾಯಿಂದಲೇ ದಪ್ಪ ಗ್ರಂಥಗಳನ್ನು ಕೇಳಿಸಿಕೊಂಡ. ಕೇಳಿದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿ, ಒಂದು ಅಧ್ಯಾಯ ಪೂರ್ತಿ ರೂಪುಗೊಂಡ ಮೇಲೆಯೇ ಚೌಕಟ್ಟಿನ ಮುಂದೆ ಕೂರುತ್ತಿದ್ದ. ಸುಮಾರು ಹತ್ತು ವರ್ಷ ದುಡಿದು 1837ರಲ್ಲಿ ಮೊದಲ ಗ್ರಂಥ ಹೊರತಂದ. 1843ರಲ್ಲಿ ಮೆಕ್ಸಿಕೋ ವಿಜಯದ ಇತಿಹಾಸ, 1847ರಲ್ಲಿ ಪೆರು ವಿಜಯದ ಇತಿಹಾಸ ಬಂದವು.

ಪ್ರೆಸ್ಕಾಟನ ಅನುಭವದಿಂದ ನಾವು ತಿಳಿಯುವುದು ಇದು: ಗದ್ಯದಲ್ಲಿ ಪದಪದವನ್ನೂ ನೆನಪಿಡುವುದು ಕಷ್ಟವಾದರೂ ಅಧ್ಯಾಯದ ಕ್ರಮವನ್ನು ನೆನಪಿಡಬಹುದು. ಯಾವುದರ ನಂತರ ಯಾವುದು ಎಂಬುದು ಗಟ್ಟಿಯಾದರೆ ಮಾತು ಹಿಂದೆಯೇ ಬರುತ್ತದೆ.

ನಮ್ಮ ನಾಡಿನಲ್ಲಿ

ಕೇಳಿ ಕಲಿಯುವುದು, ಹೇಳಿ ಬರೆಯಿಸುವುದು ನಮಗೆ ಹೊಸದಲ್ಲ. ಕುಮಾರವ್ಯಾಸನ ಭಾರತವನ್ನು ಎಷ್ಟೋ ತಲೆಮಾರುಗಳು ಕಣ್ಣಿನಿಂದ ಓದಿದ್ದಕ್ಕಿಂತ ಗಮಕಿಗಳ ಬಾಯಿಂದ ಕೇಳಿದ್ದೇ ಹೆಚ್ಚು. ಜನಪದ ಕಾವ್ಯಗಳನ್ನು ಹಾಡಿದ ಎಷ್ಟೋ ತಾಯಂದಿರು ಅಕ್ಷರವನ್ನೇ ಕಂಡವರಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಶಿಶುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಸಂಗೀತದಲ್ಲಿ ಅವರ ಹೆಸರು ಎಲ್ಲರಿಗೂ ಗೊತ್ತು. ಅವರು ಕನ್ನಡ, ಹಿಂದಿ, ಸಂಸ್ಕೃತ ಮೂರು ಭಾಷೆಗಳಲ್ಲಿ ಪುಸ್ತಕಗಳನ್ನೂ, ಆಶ್ರಮದ ನಾಟಕ ಕಂಪನಿಗಾಗಿ ನಾಟಕಗಳನ್ನೂ ರಚಿಸಿದರು ಎಂಬುದು ಅಷ್ಟಾಗಿ ತಿಳಿದಿಲ್ಲ. ದಕ್ಷಿಣ ಕನ್ನಡದ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರು (1902–1996) ಮುಪ್ಪಿನಲ್ಲಿ ದೃಷ್ಟಿ ಕುಂದಿದ ಮೇಲೂ ಛಂದಸ್ಸು, ಶಬ್ದಾರ್ಥಗಳ ವಿಚಾರವನ್ನು ಕೈಬಿಡಲಿಲ್ಲ, ಹೇಳಿ ಬರೆಯಿಸಿದರು. ಛಂದಸ್ಸು ಮೂಲತಃ ಕಿವಿಯ ಶಾಸ್ತ್ರ ಎಂಬುದನ್ನು ನೆನೆದರೆ ಅವರ ಸಾಧನೆಯ ದಾರಿ ಅರ್ಥವಾಗುತ್ತದೆ.

ಮತ್ತೆ ದುರ್ಗಕ್ಕೆ

ಈಗ ‘ದುರ್ಗಾಸ್ತಮಾನ’ವನ್ನು ನೋಡಿ. ಇದು ಪದ್ಯವಲ್ಲ, ಲಯದ ನೆರವಿಲ್ಲ. ಹತ್ತಾರು ಮುಖ್ಯ ಪಾತ್ರಗಳು. ಅರಮನೆಯ ಒಳಗಿನ ಮಾತುಕತೆ, ಹೊರಗೆ ಹೈದರಾಲಿ, ಪೇಶ್ವೆ, ನೆರೆಯ ಪಾಳೆಯಗಾರರ ಲೆಕ್ಕಾಚಾರ. ಹುಡುಗನಾಗಿ ಪಟ್ಟಕ್ಕೆ ಬಂದ ಮದಕರಿ ಪ್ರೌಢನಾಗಿ, ಪರಾಕ್ರಮಿಯಾಗಿ, ಕೊನೆಗೆ ಎಲ್ಲವನ್ನೂ ಕಳೆದುಕೊಳ್ಳುವ ತನಕ ಎರಡು ದಶಕಗಳಿಗೂ ಮೀರಿದ ಕಾಲ. ಎಲ್ಲಾದರೂ ಒಂದು ಎಳೆ ತಪ್ಪಿದರೆ ಓದುಗ ಗುರುತಿಸಿಬಿಡುತ್ತಾನೆ. ಕಣ್ಣಿನ ಎರಡನೆಯ ಕೆಲಸ, ಅಂದರೆ ಹಿಂದಿರುಗಿ ನೋಡುವುದು, ಇಲ್ಲಿ ಹೆಜ್ಜೆಹೆಜ್ಜೆಗೂ ಬೇಕು.

ಹಾಗಾದರೆ ತ.ರಾ.ಸು. ಅವರಿಗೆ ಯಾವುದರ ಬಲವಿತ್ತು? ಕೃತಿಯಿಂದಲೇ ಎರಡು ಉತ್ತರಗಳನ್ನು ಊಹಿಸಬಹುದು.

ಒಂದು, ನೆಲದ ಪರಿಚಯ. ಏಳು ಸುತ್ತಿನ ಕೋಟೆ, ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರರ ಗುಡಿಗಳು, ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಓಬವ್ವನ ಕಿಂಡಿ, ಇವು ಅವರು ಪುಸ್ತಕ ನೋಡಿ ತಿಳಿದ ಹೆಸರುಗಳಲ್ಲ. ಎಳೆಯ ವಯಸ್ಸಿನಿಂದ ಆ ಬಂಡೆಗಳನ್ನು ಬಲ್ಲವರು ಅವರು. ಯಾವ ಬಾಗಿಲಿನಿಂದ ಯಾವ ಬತೇರಿಗೆ ದಾರಿ ಎಂದು ತಿಳಿಯಲು ಅವರಿಗೆ ಕನ್ನಡಕ ಬೇಕಿರಲಿಲ್ಲ.

ಎರಡು, ಹಿಂದಿನ ಏಳು ಕಾದಂಬರಿಗಳು. ಅವನ್ನು ಬರೆಯುವಾಗ ಕಣ್ಣು ಚೆನ್ನಾಗಿದ್ದ ದಿನಗಳಲ್ಲಿ ಓದಿದ, ಸಂಗ್ರಹಿಸಿದ, ಮನನ ಮಾಡಿದ ಸಾಮಗ್ರಿಯೆಲ್ಲ ಒಳಗೆ ಕೂಡಿತ್ತು. ಮಳೆಗಾಲದಲ್ಲಿ ತುಂಬಿದ ಕೆರೆ ಬೇಸಗೆಯಲ್ಲಿ ಗದ್ದೆಗೆ ನೀರು ಕೊಡುವುದನ್ನು ಬುಕ್ಕಾಂಬುಧಿಯಂಥ ಊರಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ವಿದ್ಯಾರ್ಥಿದೆಸೆಯಲ್ಲಿ ನೀವು ಓದಿ ಮನಸ್ಸಿನಲ್ಲಿ ತುಂಬಿಕೊಂಡದ್ದು ಹಾಗೆಯೇ ಎಂದೋ ಒಂದು ದಿನ ಕೆಲಸಕ್ಕೆ ಬರುತ್ತದೆ.

ಇವೆರಡರ ಜೊತೆಗೆ ಮೂರನೆಯದೊಂದು ಇದೆ. ಅದು ತಡಮಾಡದಿರುವ ನಿರ್ಧಾರ. ಕಣ್ಣು ಸರಿಹೋಗಲಿ, ದೇಹಕ್ಕೆ ಚೈತನ್ಯ ಬರಲಿ, ಆಮೇಲೆ ಬರೆಯೋಣ ಎಂದು ಮುಂದೂಡಲು ಅವರಿಗೆ ಎಲ್ಲ ಕಾರಣಗಳೂ ಇದ್ದವು. ದುರ್ಗದ ಅಭಿಮಾನಿಯಾದ ಅವರಿಗೆ ದುರ್ಗ ಬಿದ್ದ ಕಥೆ ಬರೆಯುವುದೇ ನೋವಿನ ಕೆಲಸವೂ ಆಗಿತ್ತು. ಆದರೂ ಮುಗಿಸಿದರು. ‘ದುರ್ಗಾಸ್ತಮಾನ’ 1982ರಲ್ಲಿ ಪ್ರಕಟವಾಯಿತು. 1984ರ ಏಪ್ರಿಲ್ 10ರಂದು ತ.ರಾ.ಸು. ತೀರಿಕೊಂಡರು. ಈ ಎರಡು ದಿನಾಂಕಗಳ ನಡುವಿನ ಅಂತರ ಗಮನಿಸಿ. ಎರಡು ವರ್ಷ ಮುಂದೂಡಿದ್ದರೆ ಕನ್ನಡಕ್ಕೆ ಈ ಕೃತಿ ಇರುತ್ತಿರಲಿಲ್ಲ. 1985ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಸ್ವೀಕರಿಸಲು ಲೇಖಕರು ಇರಲಿಲ್ಲ, ಪುಸ್ತಕವಿತ್ತು.

ಬರೆದುಕೊಡುವ ಕೈ

ಮಹಾಭಾರತವನ್ನು ವ್ಯಾಸರು ಹೇಳಿದರು, ಗಣಪತಿ ಬರೆದುಕೊಂಡ ಎಂಬ ಕಥೆ ನಿಮಗೆ ಗೊತ್ತಿದೆ. ನಡುವೆ ನಿಲ್ಲಿಸಬಾರದೆಂದು ಗಣಪತಿಯ ಷರತ್ತು. ಅರ್ಥ ಮಾಡಿಕೊಳ್ಳದೆ ಬರೆಯಬಾರದೆಂದು ವ್ಯಾಸರ ಷರತ್ತು. ಹೇಳಿ ಬರೆಯಿಸುವ ಕೆಲಸದ ಇಡೀ ಗುಟ್ಟು ಈ ಎರಡು ಷರತ್ತುಗಳಲ್ಲಿದೆ. ಹೇಳುವವರ ಓಟಕ್ಕೆ ತಡೆಯಾಗಬಾರದು. ಬರೆಯುವವರು ಬರಿಯ ಯಂತ್ರವೂ ಆಗಬಾರದು. ಎಲ್ಲಿ ಅರ್ಥ ಕೆಟ್ಟಿತು ಎಂದು ತಿಳಿಯುವಷ್ಟಾದರೂ ಮನಸ್ಸು ಕೊಟ್ಟಿರಬೇಕು. ಆದರೆ ತಮ್ಮ ಮಾತನ್ನು ಸೇರಿಸಕೂಡದು.

ಈ ಕೆಲಸ ನಿಮ್ಮ ಪಾಲಿಗೂ ಬರಬಹುದು. ದೃಷ್ಟಿದೋಷವಿರುವ ಪರೀಕ್ಷಾರ್ಥಿಗಳಿಗೆ ಲಿಪಿಕಾರರ ಸೌಲಭ್ಯವಿದೆ. ಅಂಥವರಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕಾಲ ಕೊಡಬೇಕೆಂದು 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳಿತ್ತು. ಲಿಪಿಕಾರರಾಗುವವರು ಹೆಚ್ಚಾಗಿ ಕೆಳಗಿನ ತರಗತಿಯ ವಿದ್ಯಾರ್ಥಿಗಳೇ. ಯಾರಾದರೂ ಕೇಳಿದರೆ ಹಿಂಜರಿಯದೆ ಒಪ್ಪಿಕೊಳ್ಳಿ. ಒಬ್ಬರ ವರ್ಷದ ಓದು ಆ ಮೂರು ಗಂಟೆ ನಿಮ್ಮ ಕೈಯಲ್ಲಿರುತ್ತದೆ.

ಇಂದು ಸಾಧನಗಳೂ ಹೆಚ್ಚಿವೆ. ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಚುಕ್ಕಿಲಿಪಿಯಲ್ಲಿ ಕನ್ನಡವನ್ನೂ ಬರೆಯಬಹುದು, ಓದಬಹುದು. ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳಿವೆ. ಮಾತಾಡಿದ್ದನ್ನು ಕನ್ನಡ ಅಕ್ಷರಕ್ಕೆ ಇಳಿಸುವ ಸೌಲಭ್ಯ ಮೊಬೈಲ್ ಫೋನಿನಲ್ಲಿಯೇ ಇದೆ. ದೃಷ್ಟಿಹೀನರಿಗೆ ಓದಲು ಬರುವ ರೂಪದಲ್ಲಿ ಪುಸ್ತಕಗಳನ್ನು ಸಿದ್ಧಪಡಿಸಲು ಕೃತಿಸ್ವಾಮ್ಯ ಅಡ್ಡಿಯಾಗಬಾರದೆಂದು 2013ರಲ್ಲಿ ಮರ್ರಾಕೇಶ್ ಒಪ್ಪಂದ ರೂಪುಗೊಂಡಿತು; ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ.

ಕಣ್ಣನ್ನು ಕಡೆಗಣಿಸಬೇಡಿ

ಇಷ್ಟನ್ನೆಲ್ಲ ಓದಿ, ಕಣ್ಣು ಕೆಟ್ಟರೂ ಪರವಾಗಿಲ್ಲ ಎಂದು ಯಾರೂ ತಿಳಿಯಬಾರದು. ನಲವತ್ತು ದಾಟಿದವರಿಗೆ ಬರುವ ಚಾಳೀಸು ಕನ್ನಡಕದಿಂದ ಸರಿಯಾಗುತ್ತದೆ. ಕಣ್ಣಿನ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಕ್ಕೆ ಆಗುವ ಹಾನಿ, ಕಣ್ಣಿನ ಒತ್ತಡದಿಂದ ಬರುವ ಗ್ಲಾಕೋಮಾ, ಇವೆರಡೂ ಸದ್ದಿಲ್ಲದೆ ಬರುತ್ತವೆ. ಒಮ್ಮೆ ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಬೇಗ ಗುರುತಿಸಿದರೆ ಉಳಿದದ್ದನ್ನು ಕಾಪಾಡಬಹುದು. ಕರಿಹಲಗೆಯ ಅಕ್ಷರ ಕಾಣದೆ ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುವ ಗೆಳೆಯರು ನಿಮ್ಮ ತರಗತಿಯಲ್ಲಿದ್ದರೆ ಅಧ್ಯಾಪಕರಿಗೆ ತಿಳಿಸಿ. ಮನೆಯಲ್ಲಿ ಅಜ್ಜಿ ಪತ್ರಿಕೆ ಓದುವುದನ್ನು ನಿಲ್ಲಿಸಿದ್ದರೆ ಏಕೆಂದು ವಿಚಾರಿಸಿ.

ಮಾಡಿ ನೋಡಿ, ಚರ್ಚಿಸಿ

1. ಕಣ್ಣು ಮುಚ್ಚಿಕೊಂಡು ನಿಮ್ಮೂರಿನ ಬಗ್ಗೆ ಒಂದು ಪುಟದಷ್ಟು ವಿಷಯವನ್ನು ಗೆಳೆಯರಿಗೆ ಹೇಳಿ ಬರೆಯಿಸಿ. ನಂತರ ಅವರಿಂದ ಓದಿಸಿ ಕೇಳಿ. ನಾಲ್ಕು ಕೆಲಸಗಳಲ್ಲಿ ನಿಮಗೆ ಯಾವುದು ಅತಿ ಕಷ್ಟವಾಯಿತು?

2. ಅದೇ ವಿಷಯವನ್ನು ನಾಲ್ಕು ಸಾಲಿನ ಪದ್ಯವಾಗಿ ಕಟ್ಟಿ, ಮರುದಿನ ನೆನಪಿಸಿಕೊಳ್ಳಿ. ಪದ್ಯ ಹೆಚ್ಚು ಉಳಿಯಿತೋ, ಗದ್ಯವೋ?

3. ನಿಮ್ಮ ಶಾಲೆ ಅಥವಾ ಊರಿನ ಗ್ರಂಥಾಲಯದಲ್ಲಿ ‘ದುರ್ಗಾಸ್ತಮಾನ’ವಿದ್ದರೆ ಮೊದಲ ಅಧ್ಯಾಯವನ್ನು, ಈಗ ತಾವೇ ಓದಲಾಗದ ಮನೆಯ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿಹೇಳಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳಿದರು ಎಂಬುದನ್ನು ಬರೆದಿಟ್ಟುಕೊಂಡು ತರಗತಿಯಲ್ಲಿ ಹಂಚಿಕೊಳ್ಳಿ.